ನಡುಕದ ರೋಗ, ಬಟ್ಟಲಿನ ಕೋಶ ಮತ್ತು ನಮ್ಮ ಬರವಣಿಗೆ

ಕನ್ನಡ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಆಕರಕೋಶವೇ ರಾಮಬಾಣ ಎಂಬರ್ಥದ ದಪ್ಪಕ್ಷರದ ತಲೆಬರಹ, ಪಕ್ಕದಲ್ಲಿ ಬೇರು ಬಿಟ್ಟ ಗಿಡದಂತೆ ಕಾಣುವ ನರಕೋಶದ ಬಣ್ಣದ ಚಿತ್ರ. ಸುದ್ದಿಯನ್ನು ಕೊನೆಯವರೆಗೆ ಓದಿದರೆ ಅಲ್ಲಿ ಯಾರೂ ಯಾರನ್ನೂ ಗುಣಪಡಿಸಿರುವುದಿಲ್ಲ. ವಿಜ್ಞಾನಿಗಳು ರೋಗಿಯೊಬ್ಬರ ಚರ್ಮದ ಚೂರಿನಿಂದ ಪ್ರಯೋಗಾಲಯದ ಬಟ್ಟಲಿನಲ್ಲಿ ನರಕೋಶಗಳನ್ನು ಬೆಳೆಸಿ, ಅವು ಹೇಗೆ ಬಳಲುತ್ತವೆ, ಹೇಗೆ ಸಾಯುತ್ತವೆ ಎಂದು ನೋಡಿದ್ದಾರೆ, ಅಷ್ಟೆ. ಅವರು ನೋಡಿದ್ದು ನಮ್ಮ ಕನ್ನಡಕ್ಕೆ ಬರುವ ಹೊತ್ತಿಗೆ ವಾಸಿ ಮಾಡಿದ್ದಾಗಿ ಬದಲಾಗಿರುತ್ತದೆ. ಈ ಬದಲಾವಣೆ ಎಲ್ಲಿ ನಡೆಯುತ್ತದೆ, ಅದರಿಂದ ಯಾರಿಗೆ ನಷ್ಟ ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ನಷ್ಟ ಯಾರಿಗೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಇಂಥ ಸುದ್ದಿಯ ತುಣುಕನ್ನು ಕತ್ತರಿಸಿ ಇಟ್ಟುಕೊಳ್ಳುವವರಿದ್ದಾರೆ. ಅಪ್ಪನನ್ನು ಮಣಿಪಾಲಕ್ಕೆ ತೋರಿಸಲು ಹೋಗುವ ದಿನ ಆ ತುಣುಕು ಮಗನ ಕಿಸೆಯಲ್ಲಿರುತ್ತದೆ. "ಇದು ಇಲ್ಲಿ ಸಿಕ್ಕುತ್ತದಾ ಡಾಕ್ಟ್ರೇ?" ಎಂದು ಅವನು ಕೇಳುತ್ತಾನೆ. ಇಲ್ಲ ಎಂಬ ಉತ್ತರ ಬಂದರೆ ಅವನು ನಂಬುವುದಿಲ್ಲ. ದೊಡ್ಡ ಊರಿನಲ್ಲಿ ಸಿಕ್ಕುತ್ತದೆ, ನಮ್ಮ ಕೈಯಲ್ಲಿ ದುಡ್ಡಿಲ್ಲವೆಂದು ಹೇಳುತ್ತಿಲ್ಲ ಎಂದುಕೊಳ್ಳುತ್ತಾನೆ. ಹೆಂಡತಿಯ ಬಳೆ, ಗಲ್ಫಿನ ಉಳಿತಾಯ, ತೋಟದ ಒಂದು ತುಂಡು, ಇವೆಲ್ಲ ಇಂಥ ನಂಬಿಕೆಯ ಹಿಂದೆ ಹೋಗುತ್ತವೆ.

ಪದಗಳಿಂದಲೇ ಶುರುಮಾಡೋಣ. ಇಂಗ್ಲಿಷಿನ ಸ್ಟೆಮ್ ಸೆಲ್‌ಗೆ ಕನ್ನಡದಲ್ಲಿ ಕಾಂಡಕೋಶ, ಆಕರಕೋಶ, ಮೂಲಕೋಶ ಎಂಬ ಮೂರು ಹೆಸರುಗಳು ಓಡಾಡುತ್ತಿವೆ. ಕಾಂಡಕೋಶ ಎಂದರೆ ಓದುವವರಿಗೆ ಮರದ ಕಾಂಡ ನೆನಪಾಗುತ್ತದೆಯೇ ಹೊರತು ಬೇರೇನೂ ಹೊಳೆಯುವುದಿಲ್ಲ. ಆಕರಕೋಶ ಎಷ್ಟೋ ಮೇಲು. ಅದರಿಂದ ಬೇರೆ ಕೋಶಗಳು ಹುಟ್ಟುತ್ತವೆ ಎಂಬ ಸೂಚನೆ ಅಲ್ಲಿದೆ. ಉರ್ದುವಿನಲ್ಲಿ ಬುನಿಯಾದಿ ಖಲಿಯಾತ್ ಎನ್ನುತ್ತಾರೆ, ಬುನಾದಿಯ ಕೋಶಗಳು. ರೋಗದ ಹೆಸರಿನ ಕತೆಯೂ ಹೀಗೆಯೇ. ಆಯುರ್ವೇದದವರು ಕಂಪವಾತ ಎಂದರು, ಯುನಾನಿ ಹಕೀಮರು ರಅಶಾ ಎಂದರು. ಕುಂದಾಪ್ರ ಕನ್ನಡದ ಮನೆಮಾತಿನಲ್ಲಿ ಅದಕ್ಕೆ ಹೆಸರೇ ಇಲ್ಲ. "ಪ್ರಾಯ ಆಯ್ತಲೆ, ಇನ್ನೆಂತ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇನ್ನೊಂದು ಅನುವಾದವನ್ನು ನೋಡಿ. ಈ ರೋಗದಲ್ಲಿ ಕೈ ಸುಮ್ಮನಿರುವಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಒಂದೇ ಸಮನೆ ಉಜ್ಜಿದಂತೆ ಆಡುತ್ತದೆ. ಹಿಂದೆ ಔಷಧ ಅಂಗಡಿಯವರು ಬೆರಳುಗಳ ನಡುವೆ ಗುಳಿಗೆ ಉರುಳಿಸುತ್ತಿದ್ದ ಬಗೆಯನ್ನು ಕಂಡು ಇಂಗ್ಲಿಷಿನ ವೈದ್ಯರು ಅದಕ್ಕೆ ಹೆಸರಿಟ್ಟರು. ನಮ್ಮ ಲೇಖಕರು ಅದನ್ನೇ "ಗುಳಿಗೆ ಉರುಳಿಸುವ ನಡುಕ" ಎಂದು ಇಳಿಸಿಕೊಂಡರು. ನಮ್ಮಲ್ಲಿ ಗುಳಿಗೆ ಉರುಳಿಸುವವರನ್ನು ಇವತ್ತು ಕಂಡವರು ಯಾರು? ಆದರೆ ತಸ್ಬೀಹ್ ಮಣಿ ಎಣಿಸುವ ಬೆರಳನ್ನು, ಜಪಸರ ಸರಿಸುವ ಬೆರಳನ್ನು ಕಾಣದವರಿಲ್ಲ. ಮಸೀದಿಯ ಮೂಲೆಯಲ್ಲಿ ಕೂತ ಹಿರಿಯರೊಬ್ಬರ ಬೆರಳು ಮಣಿಯಿಲ್ಲದೆಯೂ ಆಡುತ್ತಿದ್ದರೆ ನಾವು ಅದನ್ನು ಝಿಕ್ರ್ ಎಂದು ತಿಳಿದು ಗೌರವಿಸುತ್ತೇವೆ. ಗೌರವ ಸರಿಯೇ, ಆದರೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಎರಡು ಮೂರು ವರ್ಷ ತಡವಾಗುತ್ತದೆ. "ಮಣಿ ಎಣಿಸುವಂತೆ ಆಡುವ ಬೆರಳು" ಎಂದು ಒಂದು ಲೇಖನ ಬರೆದಿದ್ದರೆ ಅದನ್ನು ಓದಿದ ಯಾವುದಾದರೂ ಮಗಳು ಅಪ್ಪನ ಕೈಯನ್ನು ಮತ್ತೊಮ್ಮೆ ನೋಡುತ್ತಿದ್ದಳು. ವಾಸನೆ ತಿಳಿಯದಿರುವುದು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬರಬಹುದಾದ ಲಕ್ಷಣ. ಇದನ್ನು ಹೇಳುವಾಗ ಗುಲಾಬಿ, ಕಾಫಿಗಳ ಉದಾಹರಣೆ ಕೊಡುತ್ತಾರೆ. ಗಂಗೊಳ್ಳಿ ಬಂದರಿನ ಪಕ್ಕದ ಮನೆಯಾತನಿಗೆ ಒಣಮೀನಿನ ವಾಸನೆ ತಿಳಿಯದೆ ಹೋದರೆ ಎಂದು ಬರೆದರೆ ಇಲ್ಲಿಯ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈ ರೋಗಕ್ಕೆ ಹೆಸರು ಕೊಟ್ಟ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿ ವೈದ್ಯನಾಗಿದ್ದವನು. 1817ರಲ್ಲಿ ಅವನು ಬರೆದ ಪುಟ್ಟ ಪ್ರಬಂಧದಲ್ಲಿರುವುದು ಆರೇ ಆರು ಮಂದಿಯ ವಿವರ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಕಂಡು ಮಾತಾಡಿಸಿದ್ದ, ಒಬ್ಬನನ್ನಂತೂ ದೂರದಿಂದ ಮಾತ್ರ ನೋಡಿದ್ದ. ಕತೆ ಬರೆಯುವ ನಮಗೆ ಅಸೂಯೆ ಹುಟ್ಟಿಸುವಂಥ ಕಣ್ಣು ಅದು. ಇದಕ್ಕಿಂತ ದೊಡ್ಡದು ಅವನ ಪ್ರಾಮಾಣಿಕತೆ. ಇಂಥವರ ದೇಹವನ್ನು ಸತ್ತ ಮೇಲೆ ತೆರೆದು ನೋಡುವ ಅವಕಾಶ ತನಗೆ ಸಿಗಲಿಲ್ಲ, ಹಾಗಾಗಿ ಕಾರಣದ ಬಗ್ಗೆ ತಾನು ಹೇಳುವುದು ಊಹೆ ಮಾತ್ರ ಎಂದು ಅವನು ಒಪ್ಪಿಕೊಂಡ. ಒಳಗೆ ನೋಡಲಾಗದ ಈ ಕೊರತೆ ಅವನ ಅನಂತರವೂ ಬಹುಕಾಲ ಉಳಿಯಿತು. ಬಟ್ಟಲಿನಲ್ಲಿ ಬೆಳೆಸಿದ ನರಕೋಶದ ಮಹತ್ವವನ್ನು ತಿಳಿಯಬೇಕಾದರೆ ಈ ಕೊರತೆಯಿಂದಲೇ ಹೊರಡಬೇಕು. ನಮ್ಮ ಸುದ್ದಿಗಳು ಇದನ್ನು ಬಿಟ್ಟು ನೇರವಾಗಿ ರಾಮಬಾಣಕ್ಕೆ ಹಾರುತ್ತವೆ.

ಮಿದುಳಿನ ನಡುಭಾಗದಲ್ಲಿ ಕಪ್ಪಗೆ ಕಾಣುವ ಒಂದು ಪುಟ್ಟ ಪ್ರದೇಶವಿದೆ. ಅಲ್ಲಿಯ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ದೇಹದ ಚಲನೆ ಸರಾಗವಾಗಲು ಅದು ಬೇಕು. ಪಾರ್ಕಿನ್ಸನ್ ರೋಗದಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಲು, ನಡಿಗೆ ನಿಧಾನವಾಗಲು, ಅಕ್ಷರ ಚಿಕ್ಕದಾಗಲು, ಮುಖದ ಭಾವ ಮಾಸಲು ತೊಡಗುವ ಹೊತ್ತಿಗೆ ಬಹಳಷ್ಟು ಕೋಶಗಳು ಹೋಗಿಯಾಗಿರುತ್ತವೆ. ಬದುಕಿರುವವರ ಮಿದುಳಿನ ಆ ಜಾಗದಿಂದ ಚೂರು ತೆಗೆದು ಪರೀಕ್ಷಿಸುವಂತಿಲ್ಲ. ಸತ್ತವರ ಮಿದುಳನ್ನು ನೋಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕಾಗಿಯೇ ಮಿದುಳು ಬ್ಯಾಂಕ್ ಇದೆ. ಆದರೆ ಅದು ಮನೆ ಸುಟ್ಟು ಬೂದಿಯಾದ ಮೇಲೆ ಬೆಂಕಿ ಎಲ್ಲಿ ಹತ್ತಿತೆಂದು ಹುಡುಕಿದ ಹಾಗೆ. ಇಲಿಗಳಿಗೆ ಈ ರೋಗ ತಾನಾಗಿ ಬರುವುದಿಲ್ಲ, ವಿಷ ಹಾಕಿಯೋ ವಂಶವಾಹಿ ಬದಲಿಸಿಯೋ ಬರಿಸಬೇಕು.

2006ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ಇಲಿಯ ಚರ್ಮದ ಸಾಮಾನ್ಯ ಕೋಶಕ್ಕೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅದನ್ನು ಮತ್ತೆ ಭ್ರೂಣದ ಕೋಶದಂಥ ಸ್ಥಿತಿಗೆ ತಂದರು. 2007ರಲ್ಲಿ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಜಾನ್ ಗರ್ಡನ್ ಜೊತೆ ಅವರಿಗೆ ನೊಬೆಲ್ ಬಂತು. ಇದೇಕೆ ದೊಡ್ಡದೆಂಬುದನ್ನು ನಮ್ಮ ಸೀಮೆಯ ಮಾತಿನಲ್ಲಿ ಹೇಳಬಹುದು. ಅದುವರೆಗೆ ಹೆಚ್ಚಿನವರು ಸುಟ್ಟ ಹಂಚು ಮತ್ತೆ ಹಸಿ ಮಣ್ಣಾಗದು ಎಂದೇ ನಂಬಿದ್ದರು. ಒಮ್ಮೆ ಚರ್ಮವಾದ ಕೋಶ ಚರ್ಮವೇ. ಆದರೆ ಕೋಶ ಹಂಚಿನಂತಲ್ಲ, ಯಕ್ಷಗಾನದ ವೇಷಧಾರಿಯಂತೆ ಎಂದು ಗೊತ್ತಾಯಿತು. ಅದನ್ನು ಚೌಕಿಗೆ ವಾಪಸು ಕರೆದು, ಬಣ್ಣ ತೊಳೆದು, ಬೇರೆ ವೇಷ ಕಟ್ಟಿಸಬಹುದು. ರೋಗಿಯ ಚರ್ಮದ ಕೋಶವನ್ನು ಹೀಗೆ ಹಿಂದಕ್ಕೆ ಕರೆದು, ವಾರಗಟ್ಟಲೆ ತಕ್ಕ ರಾಸಾಯನಿಕಗಳಲ್ಲಿ ಬೆಳೆಸಿದರೆ ಡೋಪಮಿನ್ ತಯಾರಿಸುವ ನರಕೋಶವಾಗುತ್ತದೆ. ಆ ರೋಗಿಯ ವಂಶವಾಹಿಗಳೆಲ್ಲ ಅದರಲ್ಲಿರುತ್ತವೆ. ಮಿದುಳನ್ನು ಮುಟ್ಟದೆ ಮಿದುಳಿನ ಕೋಶವನ್ನು ನೋಡಿದಂತಾಯಿತು.

ನೋಡಿ ತಿಳಿದದ್ದೇನು? ಅಮೆರಿಕದ ಅಯೋವಾದ ಒಂದು ಕುಟುಂಬದಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿ ಮೂರುಪಟ್ಟಾಗಿದೆ ಎಂದು 2003ರಲ್ಲಿ ಗೊತ್ತಾಗಿತ್ತು. ರೋಗಿಗಳ ಮಿದುಳಿನಲ್ಲಿ ಗಂಟುಗಟ್ಟಿ ಕೂರುವುದು ಇದೇ ಪ್ರೋಟೀನು. 2011ರಲ್ಲಿ ಆ ಕುಟುಂಬದ ರೋಗಿಯೊಬ್ಬರ ಚರ್ಮದಿಂದಲೂ ರೋಗವಿಲ್ಲದ ಹತ್ತಿರದ ಸಂಬಂಧಿಯ ಚರ್ಮದಿಂದಲೂ ನರಕೋಶ ಬೆಳೆಸಿ ಹೋಲಿಸಿದರು. ರೋಗಿಯ ಕೋಶದಲ್ಲಿ ಆ ಪ್ರೋಟೀನು ಎರಡರಷ್ಟಿತ್ತು. 2013ರಲ್ಲಿ ಇನ್ನೊಂದು ತಂಡ ಒಬ್ಬನೇ ರೋಗಿಯ ಕೋಶವನ್ನು ಎರಡು ಪಾಲು ಮಾಡಿ, ಒಂದರಲ್ಲಿ ವಂಶವಾಹಿಯ ದೋಷವನ್ನು ತಿದ್ದಿ, ಎರಡಕ್ಕೂ ಪ್ಯಾರಾಕ್ವಾಟ್, ಮಾನೆಬ್, ರೊಟೆನೋನ್‌ಗಳಂಥ ಕೃಷಿ ವಿಷಗಳನ್ನು ಅಲ್ಪ ಪ್ರಮಾಣದಲ್ಲಿ ತಾಗಿಸಿ ನೋಡಿತು. ದೋಷವಿದ್ದ ಕೋಶಕ್ಕೆ ಹೆಚ್ಚು ಪೆಟ್ಟು ಬಿತ್ತು. ಪ್ಯಾರಾಕ್ವಾಟ್ ನಮ್ಮ ಅಂಗಡಿಗಳಿಗೂ ಬಂದ ಕಳೆನಾಶಕ. ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ತೋಟಕ್ಕೆ ಔಷಧಿ ಹೊಡೆಯುವ ಬ್ರಹ್ಮಾವರದ ರೈತನಿಗೆ ರಾಮಬಾಣದ ಸುದ್ದಿಗಿಂತ ಈ ಸುದ್ದಿ ಬೇಕಿತ್ತು. ಬಟ್ಟಲಿನ ಕೋಶ ಅವನನ್ನು ವಾಸಿ ಮಾಡದಿದ್ದರೂ ಎಚ್ಚರಿಸಬಲ್ಲದು. ನಮ್ಮ ಪುಟಗಳಲ್ಲಿ ಇದನ್ನು ನಾವು ಕಂಡಿಲ್ಲ.

ಬಟ್ಟಲಿಗೆ ಮಿತಿಗಳೂ ಇವೆ. ಬಟ್ಟಲಿನಲ್ಲಿರುವುದು ಕೋಶಗಳು, ಮಿದುಳಲ್ಲ. ಅದರ ಕೈ ನಡುಗುವುದಿಲ್ಲ, ಅದಕ್ಕೆ ನಿದ್ದೆ ಕೆಡುವುದಿಲ್ಲ, ಮಲಬದ್ಧತೆ ಬರುವುದಿಲ್ಲ, ಮನೆಯವರಿಗೆ ಹೊರೆಯಾದೆ ಎಂಬ ದುಃಖವಾಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಚೌಕಿಯಲ್ಲಿ ಬಣ್ಣ ತೊಳೆಯುವಾಗ ಪ್ರಾಯವೂ ತೊಳೆದುಹೋಗುತ್ತದೆ. ಎಪ್ಪತ್ತರ ರೋಗಿಯ ಕೋಶ ಹೊಸದಾಗಿ ಹುಟ್ಟಿದ ಮಗುವಿನ ಕೋಶದಂತಾಗುತ್ತದೆ. ಹೆಚ್ಚಾಗಿ ಮುಪ್ಪಿನಲ್ಲಿ ಬರುವ ರೋಗವನ್ನು ಎಳೆಯ ಕೋಶದಲ್ಲಿ ಹುಡುಕಬೇಕು. 2013ರಲ್ಲಿ ಸಂಶೋಧಕರು, ಮಕ್ಕಳು ಅಕಾಲದಲ್ಲಿ ಮುದುಕರಾಗುವ ಅಪರೂಪದ ಕಾಯಿಲೆಯ ಪ್ರೋಟೀನನ್ನು ಸೇರಿಸಿ ಈ ಕೋಶಗಳಿಗೆ ಬೇಗ ಮುಪ್ಪು ತರಿಸಲು ನೋಡಿದ್ದು ಇದೇ ಕಾರಣಕ್ಕೆ.

ಮುಪ್ಪಿನ ಮಾತು ಬಂದಾಗ ನಮ್ಮ ಪರಂಪರೆಯ ಒಂದು ವಿವೇಕ ನೆನಪಾಗುತ್ತದೆ. ಮುಪ್ಪೊಂದನ್ನು ಬಿಟ್ಟು ಬೇರೆಲ್ಲ ರೋಗಕ್ಕೂ ಮದ್ದಿದೆ, ಚಿಕಿತ್ಸೆ ಮಾಡಿಕೊಳ್ಳಿ ಎಂಬರ್ಥದ ಪ್ರವಾದಿ(ಸ)ಯವರ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಇದರಲ್ಲಿ ಮುಪ್ಪು ಬೇರೆ, ರೋಗ ಬೇರೆ ಎಂಬ ಸ್ಪಷ್ಟ ಗೆರೆಯಿದೆ. "ಪ್ರಾಯ ಆಯ್ತಲೆ" ಎಂದು ರೋಗವನ್ನು ಮುಪ್ಪಿನ ಖಾತೆಗೆ ಬರೆದು ಕೈಚೆಲ್ಲುವವರು ಆ ಗೆರೆಯನ್ನು ಅಳಿಸುತ್ತಿದ್ದಾರೆ. ಈ ರೋಗ ನಲವತ್ತರ ಆಸುಪಾಸಿನವರಿಗೂ ಬರುತ್ತದೆ. ಮುಹಮ್ಮದ್ ಅಲಿಗೆ 1984ರಲ್ಲಿ ರೋಗವಿದೆಯೆಂದು ತಿಳಿದಾಗ ಅವರಿಗೆ ನಲವತ್ತೆರಡು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರು ನಡುಗುವ ಕೈಯಿಂದ ಜ್ಯೋತಿ ಬೆಳಗಿದ್ದನ್ನು ನಮ್ಮ ಪತ್ರಿಕೆಗಳು ಧೀರೋದಾತ್ತವಾಗಿ ವರ್ಣಿಸಿದವು. ಅಲಿಯ ಕೈ ನಡುಗಿದರೆ ಶೌರ್ಯ, ನಮ್ಮ ಓಣಿಯ ದರ್ಜಿಯ ಕೈ ನಡುಗಿದರೆ ಕುಡಿತದ ಅನುಮಾನ ಅಥವಾ ಜಿನ್ನಿನ ಕಾಟ. ಈ ಭೇದವನ್ನು ನಮ್ಮ ಕತೆಗಾರರೂ ಹೆಚ್ಚು ಪ್ರಶ್ನಿಸಿಲ್ಲ. ಕತೆಗಳಲ್ಲಿ ಕೈ ನಡುಗುವುದು ಭಯಕ್ಕೆ, ಕೋಪಕ್ಕೆ, ಪಾಪಪ್ರಜ್ಞೆಗೆ. ರೋಗಕ್ಕೆ ನಡುಗಿದ ಕೈ ಎಷ್ಟು ಕತೆಗಳಲ್ಲಿದೆ?

ಹೆಮ್ಮೆಯ ಅಡ್ಡದಾರಿಗಳು ಎರಡಿವೆ. ಒಂದು, ಎಲ್ಲವೂ ನಮ್ಮ ಆಯುರ್ವೇದದಲ್ಲಿತ್ತು ಎನ್ನುವುದು. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳೇ ಅದನ್ನು ಬೇರ್ಪಡಿಸಿ ತೋರಿಸಿದರು. ಬೇಲಿಯ ಮೇಲೆ ಹಬ್ಬಿ ಮೈಗೆ ತುರಿಕೆ ತರುವ ಬಳ್ಳಿಯಲ್ಲಿ ಅಂಥದೊಂದು ಮದ್ದಿತ್ತು ಎಂಬುದು ಸಂತೋಷದ ಸಂಗತಿಯೇ. ಆದರೆ ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾಗುತ್ತದೆಂದು ತಿಳಿದು, 1960ರ ದಶಕದಲ್ಲಿ ಲೆವೊಡೋಪಾದ ಪ್ರಮಾಣ ಗೊತ್ತುಪಡಿಸಿದ ಮೇಲೆಯೇ ಅದು ಲೆಕ್ಕ ಹಿಡಿದು ಕೊಡಬಹುದಾದ ಚಿಕಿತ್ಸೆಯಾಯಿತು. ಇನ್ನೊಂದು ದಾರಿ ನಮ್ಮವರದೇ: ಇಬ್ನ್ ಸೀನಾ ರಅಶಾದ ಬಗ್ಗೆ ಬರೆದಿದ್ದರು, ಆದ್ದರಿಂದ ಎಲ್ಲ ನಮ್ಮಲ್ಲೇ ಇತ್ತು ಎನ್ನುವುದು. ಅವರು ಬರೆದದ್ದು ನಿಜ, ಗೌರವಿಸಬೇಕಾದದ್ದೂ ನಿಜ. ಆದರೆ ಅವರನ್ನು ಗೌರವಿಸುವ ರೀತಿಯೆಂದರೆ ಅವರಂತೆ ರೋಗಿಯ ಬಳಿ ಕೂತು ನೋಡುವುದು. ವೇದಿಕೆಯ ಮೇಲೆ ಅವರ ಹೆಸರು ಕೂಗುವುದರಿಂದ ಯಾರ ಕೈಯೂ ನೆಟ್ಟಗಾಗಲಿಲ್ಲ.

ಧರ್ಮದ ಕಡೆಯಿಂದ ಆಕ್ಷೇಪ ಎತ್ತುವವರಿಗೂ ಒಂದು ಮಾತು. ಆಕರಕೋಶವೆಂದರೆ ಭ್ರೂಣಹತ್ಯೆ ಎಂದು ಭಾಷಣ ಮಾಡುವವರಿದ್ದಾರೆ. 1998ರಲ್ಲಿ ಮನುಷ್ಯ ಭ್ರೂಣದಿಂದ ಮೊದಲು ಆಕರಕೋಶ ತೆಗೆದಾಗ ಆ ಚರ್ಚೆಗೆ ಅರ್ಥವಿತ್ತು. ಉಲಮಾಗಳು ಅದನ್ನು ಬಿಟ್ಟು ಓಡಲಿಲ್ಲ. ಭ್ರೂಣಕ್ಕೆ ರೂಹ್ ಊದಲ್ಪಡುವ ಕಾಲದ ಬಗ್ಗೆ ಫಿಕ್ಹ್‌ನಲ್ಲಿದ್ದ ಹಳೆಯ ವಿವೇಚನೆಯನ್ನೇ ಹಿಡಿದು ಚರ್ಚಿಸಿದರು. ಇರಾನಿನ ರೋಯಾನ್ ಸಂಸ್ಥೆ 2003ರಲ್ಲೇ ಭ್ರೂಣದ ಆಕರಕೋಶಗಳನ್ನು ಬೆಳೆಸಿತು. ನಾವಿಲ್ಲಿ ಹೇಳುತ್ತಿರುವ ಕೋಶ ಬರುವುದು ರೋಗಿಯ ಸ್ವಂತ ಚರ್ಮದಿಂದ ಅಥವಾ ರಕ್ತದಿಂದ. ಅಲ್ಲಿ ಭ್ರೂಣದ ಪ್ರಶ್ನೆಯೇ ಏಳುವುದಿಲ್ಲ. ಏಳುವ ಪ್ರಶ್ನೆ ಬೇರೆ, ಮತ್ತು ಅದನ್ನು ಯಾರೂ ಕೇಳುತ್ತಿಲ್ಲ.

ಅದು ಅಮಾನತ್ತಿನ ಪ್ರಶ್ನೆ. ಹೀಗೆ ಬೆಳೆಸಿದ ಕೋಶಸಂತತಿಯನ್ನು ಶೈತ್ಯದಲ್ಲಿಟ್ಟು ಹತ್ತಾರು ವರ್ಷ ಉಳಿಸಬಹುದು, ಬೇರೆ ದೇಶದ ಪ್ರಯೋಗಾಲಯಕ್ಕೂ ಕಳಿಸಬಹುದು. ಕೊಟ್ಟವರು ತೀರಿಕೊಂಡು ಖಬರಸ್ತಾನದಲ್ಲಿ ಮಲಗಿದ ಮೇಲೂ ಅವರ ಕೋಶ ಬದುಕಿರುತ್ತದೆ. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಕೋಶಗಳನ್ನು 1951ರಲ್ಲಿ ಅವರಿಗೆ ತಿಳಿಸದೆ ತೆಗೆದು, ಜಗತ್ತಿನಾದ್ಯಂತ ಬಳಸಿದ ಕತೆ ಈಗ ಪ್ರಸಿದ್ಧ. ಅಂಥದ್ದು ಆಗಬಾರದೆಂದೇ ಇವತ್ತು ಒಪ್ಪಿಗೆ ಪತ್ರ ಬೇಕು. ಆದರೆ ಅಂಥ ಪತ್ರಗಳ ಕನ್ನಡವನ್ನು ಓದಿ ನೋಡಿ. "ಜೈವಿಕ ಮಾದರಿಯ ಭವಿಷ್ಯತ್ ಬಳಕೆಗೆ ಸಮ್ಮತಿ" ಎಂಬ ಧಾಟಿಯಲ್ಲಿ ಬರೆದರೆ ಶಿರೂರಿನ ಬೀವಿಗಾಗಲಿ, ಮರವಂತೆಯ ಮೊಗವೀರ ಹೆಂಗಸಿಗಾಗಲಿ ಏನು ತಿಳಿಯಬೇಕು? "ನಿಮ್ಮ ಚರ್ಮದ ಚೂರಿನಿಂದ ಬೆಳೆಸಿದ ಕೋಶ ನೀವು ತೀರಿದ ಮೇಲೂ ಬದುಕಿರುತ್ತದೆ, ಬೇರೆಯವರು ಅದರ ಮೇಲೆ ಮದ್ದು ಪ್ರಯೋಗಿಸಿ ನೋಡುತ್ತಾರೆ, ಇದರಿಂದ ನಿಮ್ಮ ಕಾಯಿಲೆ ಗುಣವಾಗುವುದಿಲ್ಲ, ಬೇಡವೆಂದರೆ ನಿಮ್ಮ ಚಿಕಿತ್ಸೆಗೆ ತೊಂದರೆಯಿಲ್ಲ" ಎಂದು ನಾಲ್ಕು ಸಾಲು ಬರೆಯಲು ಏನು ಕಷ್ಟ?

ಇದು ದೂರದ ದೇಶದ ಮಾತಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಎಂಬ ಆಕರಕೋಶ ಸಂಸ್ಥೆ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳಿಂದ ಇಂಥ ಕೋಶಸಂತತಿಗಳನ್ನು ಬೆಳೆಸಿವೆ. ಸ್ಕಿಜೊಫ್ರೇನಿಯ, ಬೈಪೋಲಾರ್, ಮರೆವಿನ ಕಾಯಿಲೆಗಳು ಅದರ ವಿಷಯ. ನಿಮ್ಹಾನ್ಸ್‌ನಲ್ಲಿ ಹಲ್ಲಿನ ತಿರುಳಿನ ಆಕರಕೋಶಗಳಿಂದ ಡೋಪಮಿನ್ ನರಕೋಶ ಬೆಳೆಸಿ ಪಾರ್ಕಿನ್ಸನ್ ಅಧ್ಯಯನವೂ ನಡೆದಿದೆ. ನಮ್ಮವರ ಕೋಶ ಯಾಕೆ ಬೇಕೆಂದರೆ, ಈವರೆಗಿನ ವಂಶವಾಹಿ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದವರೇ ಇದ್ದಾರೆ. ಎಲ್‌ಆರ್‌ಆರ್‌ಕೆ2 ಎಂಬ ವಂಶವಾಹಿಯ ಒಂದು ದೋಷ ಉತ್ತರ ಆಫ್ರಿಕಾದ ಅರಬ್ ರೋಗಿಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿಯಲ್ಲಿ ಕಂಡುಬಂದಿದೆ. ಭಾರತದಲ್ಲಿ ಅದು ತೀರ ಅಪರೂಪ. ಅಲ್ಲಿಯ ಕೋಶ ಹೇಳಿದ್ದು ಇಲ್ಲಿಯ ರೋಗಿಗೆ ಪೂರ್ತಿ ಒಪ್ಪಲಾರದು. ರಕ್ತಸಂಬಂಧದ ಮದುವೆಗಳಿರುವ ಮನೆಗಳಲ್ಲಿ ಚಿಕ್ಕ ಪ್ರಾಯದಲ್ಲೇ ಬರುವ ಬೇರೊಂದು ಬಗೆಯೂ ಇದೆ. ಚಾಚಾನ ಮಗಳನ್ನು ತರುವ ನಮ್ಮವರಿಗೂ, ಸೋದರಮಾವನ ಮಗಳನ್ನು ತರುವ ನೆರೆಯವರಿಗೂ ಇದು ಸಮಾನವಾಗಿ ಅನ್ವಯಿಸುವ ಮಾತು. ನಾಚಿಕೆಯಿಲ್ಲದೆ, ಬೈಗುಳವಿಲ್ಲದೆ ಇದನ್ನು ಬರೆಯುವವರು ಬೇಕು.

ಹಾಗಾದರೆ ಗುಣವಾಗುವ ಆಸೆಯೇ ಇಲ್ಲವೇ? ಇದೆ. ಆಕರಕೋಶದಿಂದ ಬೆಳೆಸಿದ ನರಕೋಶಗಳನ್ನು ರೋಗಿಗಳ ಮಿದುಳಿಗೆ ಸೇರಿಸಿದ ಎರಡು ಪ್ರಯೋಗಗಳ ವರದಿ 2025ರ ಏಪ್ರಿಲ್‌ನಲ್ಲಿ ಬಂತು. ಕ್ಯೋಟೊದಲ್ಲಿ ಏಳು ಮಂದಿ, ಅಮೆರಿಕ ಮತ್ತು ಕೆನಡಾದಲ್ಲಿ ಹನ್ನೆರಡು ಮಂದಿ. ಇದರಿಂದ ಅಪಾಯವಿಲ್ಲವೇ ಎಂದು ನೋಡುವುದು ಮೊದಲ ಉದ್ದೇಶವಾಗಿತ್ತು; ಆ ಮಟ್ಟಿಗೆ ಉತ್ತರ ಸಮಾಧಾನಕರ, ಕೆಲವರಲ್ಲಿ ಸುಧಾರಣೆಯೂ ಕಂಡಿತು. ಇಡೀ ಜಗತ್ತು ಹತ್ತೊಂಬತ್ತು ರೋಗಿಗಳನ್ನು ಎದುರಿಗಿಟ್ಟುಕೊಂಡು ಎಚ್ಚರದಿಂದ ಮಾತಾಡುತ್ತಿರುವಾಗ, ಜಾಹೀರಾತಿನ ಕ್ಲಿನಿಕ್ಕುಗಳು ಸೊಂಟಕ್ಕೊಂದು ಚುಚ್ಚುಮದ್ದು ಕೊಟ್ಟು ಗುಣಪಡಿಸುತ್ತೇವೆ ಎನ್ನುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ, ಆಕರಕೋಶವನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ. ಈ ಒಂದು ವಾಕ್ಯ ಪ್ರತಿ ಸುದ್ದಿಯ ಕೊನೆಗೂ ಅಚ್ಚಾದರೆ ಎಷ್ಟೋ ಬಳೆಗಳು ಕೈಯಲ್ಲೇ ಉಳಿಯುತ್ತವೆ. ಜೊತೆಗೆ ಇನ್ನೊಂದು: ಹೊಸ ಮದ್ದು ಬಂತೆಂದು ಲೆವೊಡೋಪಾ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ರಮಝಾನ್ ಉಪವಾಸಕ್ಕೂ ಇದೇ ಮಾತು. ದಿನಕ್ಕೆ ಹಲವು ಸಲ ಮಾತ್ರೆ ಬೇಕಾದವರಿಗೆ ದೀನ್ ರಿಯಾಯಿತಿ ಕೊಟ್ಟಿದೆ, ಮನೆಯವರು ಅದನ್ನು ನೆನಪಿಸಬೇಕು.

ಕನ್ನಡದಲ್ಲಿ ಇಂಥದ್ದನ್ನೆಲ್ಲ ಬರೆಯಲಾಗದು ಎನ್ನುವವರಿಗೆ ಬ್ರಹ್ಮಾವರದ ಬದಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನು ತೋರಿಸಬೇಕು. 'ಬಾಲಪ್ರಪಂಚ', ಅನಂತರ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಅವರು ಒಬ್ಬರೇ ಕೂತು ಬರೆದರು. ಕಾದಂಬರಿಕಾರನಿಗೆ ವಿಜ್ಞಾನವೇಕೆ ಎಂದು ಅವರು ಕೇಳಿಕೊಳ್ಳಲಿಲ್ಲ. ಅವರ ಅನಂತರ ನಮ್ಮಲ್ಲಿ ಕತೆಯವರು ಒಂದು ಕಡೆ, ವಿಜ್ಞಾನದವರು ಇನ್ನೊಂದು ಕಡೆಯಾದರು. ನಡುವಿನ ಜಾಗಕ್ಕೆ ಜಾಹೀರಾತಿನವರು ಬಂದು ಕೂತರು.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಬಟ್ಟಲಿನಲ್ಲಿ ನೋಡಿದ್ದನ್ನು ನೋಡಿದ್ದು ಎಂದು ಬರೆಯಿರಿ, ವಾಸಿಯಾದದ್ದನ್ನು ವಾಸಿಯಾದದ್ದು ಎಂದು ಬರೆಯಿರಿ. ಎಷ್ಟು ಮಂದಿಯ ಮೇಲೆ, ಎಷ್ಟು ಕಾಲ, ಯಾರ ದುಡ್ಡಿನಲ್ಲಿ ಎಂಬುದನ್ನು ಬಿಡಬೇಡಿ. ಒಪ್ಪಿಗೆ ಪತ್ರ ಬರೆಯುವ ಸಂಸ್ಥೆಗಳು ಅದನ್ನು ಅಚ್ಚಿಗೆ ಕೊಡುವ ಮೊದಲು ಕುಂದಾಪುರದ ಬಸ್ ನಿಲ್ದಾಣದಲ್ಲಿ ಹತ್ತು ಜನಕ್ಕೆ ಗಟ್ಟಿಯಾಗಿ ಓದಿ ಹೇಳಲಿ. ಆ ಹತ್ತು ಜನ ತಿರುಗಿ ಕೇಳುವ ಪ್ರಶ್ನೆಗಳಿಗೆ ಉತ್ತರವೂ ಅದೇ ಪತ್ರದಲ್ಲಿ ಅಚ್ಚಾಗಲಿ.